ಎರಡು ಅರ್ಥಿಂಗ್ ನಡುವೆ ಒಂದು ಸಿಗ್ನಲ್ ವೈರ್: ಡ್ಯಾಕ್ ಬೋರ್ಡಿಗೆ ಅನಲಾಗ್ ಸೆನ್ಸರ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿ ಊರಾಚೆ ಒಂದು ದಾಲ್ ಮಿಲ್. ತೊಗರಿ ಒಣಗಿಸುವ ಡ್ರೈಯರ್ ಒಂದು ಶೆಡ್ಡಿನಲ್ಲಿ, ಕಂಪ್ಯೂಟರ್ ಇಟ್ಟ ಆಫೀಸ್ ಕೋಣೆ ಅಲ್ಲಿಂದ ಸುಮಾರು 70 ಮೀಟರ್ ಆಚೆ. ಡ್ರೈಯರಿನ ಬಿಸಿ ಎಷ್ಟಿದೆ ಅಂತ ಆಫೀಸಿನಲ್ಲೇ ಕೂತು ನೋಡಬೇಕು ಎಂಬುದು ಮಾಲೀಕರ ಆಸೆ. ಕೆ ಟೈಪ್ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಅತಿಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್) ಹಾಕಿ, ಕೇಬಲ್ ಎಳೆದು, ಡೇಟಾ ಅಕ್ವಿಸಿಷನ್ ಬೋರ್ಡಿಗೆ (ಸೆನ್ಸರಿನ ವೋಲ್ಟೇಜನ್ನು ಕಂಪ್ಯೂಟರಿಗೆ ಓದಿಕೊಡುವ ಡ್ಯಾಕ್ ಬೋರ್ಡ್) ಕೊಟ್ಟು ಬಂದೆ. ಮೂರನೇ ದಿನ ಮುನೀಮರ ಫೋನ್: "ಸರ್ರ, ಮೋಟಾರ್ ಬಂದ್ ಇದ್ದಾಗ ಕರೆಕ್ಟ್ ತೋರಸ್ತದ ನೋಡ್ರಿ. ಚಾಲೂ ಮಾಡಿದ್ರ ಹುಚ್ಚು ಹಿಡಿತದ."

ಹೋಗಿ ನೋಡಿದರೆ ಮಾತು ನಿಜ. 62 ಡಿಗ್ರಿ ತೋರಿಸಬೇಕಾದ ಪರದೆ, ಎಲಿವೇಟರ್ ಮೋಟಾರ್ ಶುರುವಾದ ಕೂಡಲೇ 40ಕ್ಕೂ 110ಕ್ಕೂ ನಡುವೆ ಕುಣಿಯುತ್ತಿತ್ತು. ಸೆನ್ಸರ್ ಸರಿ ಇತ್ತು, ಬೋರ್ಡ್ ಸರಿ ಇತ್ತು, ಸಾಫ್ಟ್‌ವೇರೂ ಸರಿ ಇತ್ತು. ತಪ್ಪು ನನ್ನದು. ಡ್ರೈಯರ್ ಶೆಡ್ಡಿನ ಅರ್ಥಿಂಗ್ ಗುಂಡಿ ಬೇರೆ, ಆಫೀಸಿನದು ಬೇರೆ. ಎರಡೂ "ಸೊನ್ನೆ ವೋಲ್ಟ್" ಅಂದುಕೊಂಡು ನಡುವೆ ಒಂದು ತೆಳ್ಳನೆ ತಾಮ್ರದ ವೈರ್ ಕಟ್ಟಿಬಿಟ್ಟಿದ್ದೆ. ಆ ತಪ್ಪನ್ನು ಸರಿಪಡಿಸಿದ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು, ಎರಡು ಗ್ರೌಂಡ್ ಬೇರೆಬೇರೆ ಹೇಗಾಗುತ್ತವೆ

ನೆಲ ಒಳ್ಳೆಯ ವಾಹಕವೇನೂ ಅಲ್ಲ. ನಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಅಂಟಾಗಿರುವಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಏಪ್ರಿಲ್-ಮೇನಲ್ಲಿ, ಬಿಸಿಲು 40 ಡಿಗ್ರಿ ದಾಟಿ ನೆಲ ಕೈ ತೂರುವಷ್ಟು ಬಿರುಕು ಬಿಟ್ಟಾಗ, ಅರ್ಥಿಂಗ್ ಕಂಬಿಯ ಸುತ್ತಲಿನ ಮಣ್ಣು ಕಂಬಿಯನ್ನೇ ಬಿಟ್ಟು ನಿಲ್ಲುತ್ತದೆ. ಅದೇ ಗುಂಡಿಯ ರೆಸಿಸ್ಟೆನ್ಸ್ ಏರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ ಕಥೆ ಇನ್ನೊಂದು. ನೀರು ಅದರೊಳಗೆ ಸೋಸಿ ಕೆಳಗಿಳಿದುಬಿಡುತ್ತದೆ. ಹಳಬರು ಅಲ್ಲಿ ಸುರಂಗ ಬಾವಿ ತೋಡಿ ನೀರು ಹಿಡಿದದ್ದು ಆ ಗುಣ ನೋಡಿಯೇ. ಅರ್ಥಿಂಗ್ ಮಾಡುವವನಿಗೆ ಮಾತ್ರ ಆ ಒಣ ಮೇಲ್ಪದರ ತಲೆನೋವು.

ಇಂಥ ನೆಲದಲ್ಲಿ ಮೋಟಾರುಗಳ ಸೋರಿಕೆ ಕರೆಂಟು, ವಿಎಫ್‌ಡಿ ಡ್ರೈವಿನ (ಮೋಟಾರಿನ ವೇಗ ಬದಲಿಸುವ ಸಾಧನ) ಫಿಲ್ಟರುಗಳಿಂದ ಇಳಿಯುವ ಕರೆಂಟು ಹರಿದರೆ, ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಕೆಲವು ವೋಲ್ಟ್ ನಿಲ್ಲುವುದು ಮಾಮೂಲು. ದೀಪಕ್ಕೆ, ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ. ಥರ್ಮೋಕಪಲ್ಲಿಗೆ ಲೆಕ್ಕಕ್ಕಿದೆ. ಕೆ ಟೈಪ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಅಂದರೆ ನೆಗೆಟಿವ್ ವೈರಿನ ಉದ್ದಕ್ಕೂ ಬರೀ 1 ಮಿಲಿವೋಲ್ಟ್ ಬಿದ್ದರೂ ಪರದೆಯ ಮೇಲೆ 24 ಡಿಗ್ರಿ ತಪ್ಪು. ನನ್ನ ಡ್ರೈಯರಿನ ಕುಣಿತ ಅಷ್ಟೇ.

ಹಂತ 1: ಎರಡು ಗ್ರೌಂಡ್ ನಡುವೆ ಎಷ್ಟಿದೆ, ಅಳೆಯಿರಿ

ಬಹಳ ಜನ ಬಿಡುವ ಹಂತ ಇದು. ನಾನೂ ಬಿಟ್ಟಿದ್ದೆ.

ಬೋರ್ಡಿನ ಕಡೆ ಸಿಗ್ನಲ್ ಕೇಬಲ್ಲಿನ ಎರಡೂ ಕೋರ್ ಬಿಚ್ಚಿ. ಸೆನ್ಸರ್ ಕಡೆ ಹಾಗೆಯೇ ಇರಲಿ. ಈಗ ನೆಗೆಟಿವ್ ಕೋರ್ ಎಂದರೆ ಡ್ರೈಯರ್ ತನಕ ಚಾಚಿದ ನಿಮ್ಮ ಮೀಟರಿನ ಕಡ್ಡಿಯೇ. ಮಲ್ಟಿಮೀಟರಿನ ಒಂದು ಕಡ್ಡಿ ಆ ಕೋರಿಗೆ, ಇನ್ನೊಂದು ಬೋರ್ಡಿನ ಗ್ರೌಂಡ್ ಟರ್ಮಿನಲ್ಲಿಗೆ. ಮೊದಲು ಎಸಿ ರೇಂಜ್, ದೊಡ್ಡದರಿಂದ ಶುರು ಮಾಡಿ; ಆಮೇಲೆ ಡಿಸಿ. ಎಲ್ಲ ಮೋಟಾರ್ ಬಂದ್ ಇದ್ದಾಗ ಒಮ್ಮೆ, ಒಂದೊಂದೇ ಚಾಲೂ ಮಾಡುತ್ತ ಮತ್ತೊಮ್ಮೆ, ಎಲ್ಲ ಓಡುತ್ತಿರುವಾಗ ಕೊನೆಗೊಮ್ಮೆ. ದಾಲ್ ಮಿಲ್ಲಿನಲ್ಲಿ ನನಗೆ ಸಿಕ್ಕಿದ್ದು: ಬಂದ್ ಇದ್ದಾಗ 0.1 ವೋಲ್ಟಿಗಿಂತ ಕಮ್ಮಿ, ಎಲ್ಲ ಓಡುವಾಗ 1.4 ವೋಲ್ಟ್ ಎಸಿ.

30 ವೋಲ್ಟ್ ಎಸಿಗಿಂತ ಹೆಚ್ಚು ಕಂಡರೆ ಅಲ್ಲಿಗೇ ನಿಲ್ಲಿಸಿ. ಯಾವುದೋ ಮೋಟಾರಿನ ಬಾಡಿಗೆ ಫೇಸ್ ತಾಗಿರಬಹುದು, ಅರ್ಥಿಂಗ್ ಕಡಿದಿರಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಅದು ಸರಿಯಾದ ಮೇಲೆ ಸೆನ್ಸರಿನ ಮಾತು.

ಮೀಟರ್ ಒಂದು ಸುಳ್ಳು ಹೇಳುತ್ತದೆ, ಅದನ್ನೂ ಹಿಡಿಯಬೇಕು. ಡಿಜಿಟಲ್ ಮೀಟರಿನ ಇನ್‌ಪುಟ್ ಸಾಮಾನ್ಯವಾಗಿ 10 ಮೆಗಾ ಓಮ್; ಎಲ್ಲಿಯೂ ತಾಗದೆ ತೇಲುತ್ತಿರುವ ವೈರ್ ಕೂಡ ಪಕ್ಕದ ಪವರ್ ಕೇಬಲ್ಲಿನಿಂದ ಹತ್ತಾರು ವೋಲ್ಟ್ ಎಳೆದುಕೊಂಡಂತೆ ಅದಕ್ಕೆ ಕಾಣುತ್ತದೆ. ಹೀಗಾಗಿ ಮೀಟರಿನ ಎರಡು ಕಡ್ಡಿಗಳ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಇಟ್ಟು ಮತ್ತೆ ಅಳೆಯಿರಿ. ವೋಲ್ಟೇಜ್ ಹೆಚ್ಚುಕಮ್ಮಿ ಹಾಗೇ ನಿಂತರೆ ವ್ಯತ್ಯಾಸ ನಿಜ. ಕುಸಿದು ಸೊನ್ನೆಗೆ ಬಂದರೆ ಅದು ದೆವ್ವದ ವೋಲ್ಟೇಜು. ಕಾಲು ವ್ಯಾಟಿನ ರೆಸಿಸ್ಟರ್ 15 ವೋಲ್ಟ್ ತನಕ ತಡೆಯುತ್ತದೆ. ಅದಕ್ಕೂ ಹೆಚ್ಚು ಇದ್ದಲ್ಲಿ ದೊಡ್ಡ ವ್ಯಾಟಿನದು, ದೊಡ್ಡ ಮೌಲ್ಯದ್ದು ಬೇಕು.

ಹಂತ 2: ಸೆನ್ಸರ್ ನೆಲಕ್ಕೆ ಕಟ್ಟಿದೆಯೋ, ತೇಲುತ್ತಿದೆಯೋ

ಮೇಲಿನ ಪರೀಕ್ಷೆಯೇ ಅರ್ಧ ಉತ್ತರ ಕೊಟ್ಟಿದೆ. ರೆಸಿಸ್ಟರ್ ಇಟ್ಟ ಮೇಲೂ ವೋಲ್ಟೇಜ್ ನಿಂತರೆ ಸೆನ್ಸರಿನ ನೆಗೆಟಿವ್ ಎಲ್ಲೋ ಅರ್ಥಿಂಗಿಗೆ ತಾಗಿದೆ. ಕುಸಿದರೆ ತೇಲುತ್ತಿರಬಹುದು, ಇಲ್ಲವೇ ಎರಡೂ ಗ್ರೌಂಡ್ ಆ ಹೊತ್ತಿಗೆ ಸಮವಾಗಿರಬಹುದು. ಪವರ್ ಬಂದ್ ಮಾಡಿ, ಸೆನ್ಸರ್ ಬಳಿಯೇ ಹೋಗಿ, ನೆಗೆಟಿವ್ ತುದಿಗೂ ಯಂತ್ರದ ಬಾಡಿಗೂ ನಡುವೆ ಓಮ್ ನೋಡಿ. ಕೆಲವೇ ಓಮ್ ಬಂದರೆ ಕಟ್ಟಿದೆ, ಮೆಗಾ ಓಮ್ ಬಂದರೆ ತೇಲುತ್ತಿದೆ.

ಥರ್ಮೋಕಪಲ್ ಕೊಳ್ಳುವಾಗ ಅಂಗಡಿಯವರು ಕೇಳದಿದ್ದರೂ ನೀವು ಕೇಳಿ: ಜಂಕ್ಷನ್ ಗ್ರೌಂಡೆಡ್ಡೋ, ಅನ್‌ಗ್ರೌಂಡೆಡ್ಡೋ? ಗ್ರೌಂಡೆಡ್ ಎಂದರೆ ಒಳಗಿನ ಜಂಕ್ಷನ್ನನ್ನು ಸ್ಟೀಲ್ ಕೊಳವೆಗೇ ಬೆಸೆದಿರುತ್ತಾರೆ. ಬಿಸಿ ಬೇಗ ಗೊತ್ತಾಗುತ್ತದೆ, ಆದರೆ ಕೊಳವೆ ಯಂತ್ರಕ್ಕೆ ತಾಗಿದೊಡನೆ ಸಿಗ್ನಲ್ಲೂ ಅರ್ಥಿಂಗಿಗೆ ಸೇರಿತು. ಅನ್‌ಗ್ರೌಂಡೆಡ್ಡಿನಲ್ಲಿ ನಡುವೆ ನಿರೋಧಕ ಪುಡಿ ಇರುತ್ತದೆ, ಸ್ವಲ್ಪ ನಿಧಾನ. ತೊಗರಿ ಡ್ರೈಯರಿಗೆ ನಿಧಾನವಾದರೆ ಏನೂ ಲುಕ್ಸಾನಿಲ್ಲ. ಇದು ಗೊತ್ತಿದ್ದರೆ ನಾನು ಮೊದಲೇ ಅದನ್ನೇ ತರುತ್ತಿದ್ದೆ. ಆದರೆ ತಂದಾಗಿತ್ತು, ಬಿಲ್ಲೂ ಆಗಿತ್ತು.

ಹಂತ 3: ಬೋರ್ಡಿನ ಯಾವ ಮೋಡ್

ಬಹುತೇಕ ಡ್ಯಾಕ್ ಬೋರ್ಡುಗಳಲ್ಲಿ ಮೂರು ಬಗೆಯ ಜೋಡಣೆ ಇರುತ್ತದೆ. ಆರ್‌ಎಸ್‌ಇ ಎಂಬ ಸಿಂಗಲ್ ಎಂಡೆಡ್ ಮೋಡಿನಲ್ಲಿ ಸೆನ್ಸರಿನ ನೆಗೆಟಿವ್ ನೇರ ಬೋರ್ಡಿನ ಗ್ರೌಂಡಿಗೆ ಹೋಗುತ್ತದೆ. ಸೆನ್ಸರ್ ಆಗಲೇ ನೆಲಕ್ಕೆ ಕಟ್ಟಿದ್ದರೆ, ಎರಡು ಅರ್ಥಿಂಗ್ ಗುಂಡಿಗಳನ್ನು ನಿಮ್ಮ ಸಿಗ್ನಲ್ ವೈರೇ ಸೇರಿಸಿದಂತಾಯಿತು. ವ್ಯತ್ಯಾಸದ ಕರೆಂಟೆಲ್ಲ ಅದರಲ್ಲೇ ಹರಿಯುತ್ತದೆ, ಆ ವೈರಿನ ಮೇಲೆ ಬೀಳುವ ವೋಲ್ಟೇಜ್ ಸಿಗ್ನಲ್ಲಿಗೆ ಕೂಡಿಕೊಳ್ಳುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. ನೆಲಕ್ಕೆ ಕಟ್ಟಿದ ಸೆನ್ಸರಿಗೆ ಆರ್‌ಎಸ್‌ಇ ಬೇಡವೇ ಬೇಡ.

ಡಿಫರೆನ್ಷಿಯಲ್ ಮೋಡಿನಲ್ಲಿ ಸೆನ್ಸರಿನ ಎರಡೂ ವೈರ್ ಬೋರ್ಡಿನ ಎರಡು ಇನ್‌ಪುಟ್ಟಿಗೆ ಹೋಗುತ್ತವೆ, ಬೋರ್ಡ್ ಅವೆರಡರ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ಎರಡೂ ವೈರಿನ ಮೇಲೆ ಸಮನಾಗಿ ಕೂತ 1.4 ವೋಲ್ಟ್ ಕಳೆದುಹೋಗುತ್ತದೆ. ಚಾನೆಲ್ ಅರ್ಧಕ್ಕೆ ಇಳಿಯುತ್ತದೆ, 16 ಇದ್ದದ್ದು 8 ಆಗುತ್ತದೆ. ಆ ನಷ್ಟ ಒಪ್ಪಿಕೊಳ್ಳಿ.

ಎನ್‌ಆರ್‌ಎಸ್‌ಇ ಎಂಬುದು ನಡುವಿನ ದಾರಿ: ಎಲ್ಲ ಸೆನ್ಸರಿನ ನೆಗೆಟಿವ್ ಒಟ್ಟಿಗೆ ಸೆನ್ಸ್ ಎಂಬ ಟರ್ಮಿನಲ್ಲಿಗೆ. ಎಲ್ಲ ಸೆನ್ಸರೂ ಒಂದೇ ಶೆಡ್ಡಿನ ಒಂದೇ ಅರ್ಥಿಂಗಿಗೆ ಕಟ್ಟಿದ್ದರೆ ಮಾತ್ರ ಇದು ನಡೆಯುತ್ತದೆ.

ಇಲ್ಲಿ ರೇಂಜಿನ ಮಾತೊಂದು. 16 ಬಿಟ್ ಬೋರ್ಡನ್ನು ±10 ವೋಲ್ಟ್ ರೇಂಜಿನಲ್ಲಿ ಬಿಟ್ಟರೆ ಅದು ಗುರುತಿಸಬಲ್ಲ ಒಂದು ಮೆಟ್ಟಿಲು ಸುಮಾರು 305 ಮೈಕ್ರೋವೋಲ್ಟ್, ಕೆ ಟೈಪಿನ ಲೆಕ್ಕದಲ್ಲಿ ಏಳು ಡಿಗ್ರಿಗೂ ಹೆಚ್ಚು. ±0.2 ವೋಲ್ಟ್ ರೇಂಜಿಗೆ ಇಳಿಸಿದರೆ ಮೆಟ್ಟಿಲು 6 ಮೈಕ್ರೋವೋಲ್ಟ್. ವೈರಿಂಗ್ ಎಲ್ಲ ಸರಿ ಮಾಡಿ ರೇಂಜ್ ಮರೆತವರನ್ನು ನೋಡಿದ್ದೇನೆ.

ಹಂತ 4: ಡಿಫರೆನ್ಷಿಯಲ್ ಅಂದರೆ ಏನು ಬೇಕಾದರೂ ತಡೆಯುತ್ತದೆ ಎಂದಲ್ಲ

ಪ್ರತಿ ಬೋರ್ಡಿಗೂ ಒಂದು ಮಿತಿ ಇದೆ: ತನ್ನ ಗ್ರೌಂಡಿನಿಂದ ಪ್ರತಿ ಇನ್‌ಪುಟ್ ಎಷ್ಟು ದೂರ ಹೋಗಬಹುದು ಎಂಬುದು. ±10 ವೋಲ್ಟಿನ ಬೋರ್ಡುಗಳಲ್ಲಿ ಅದು ಸಾಮಾನ್ಯವಾಗಿ 10-11 ವೋಲ್ಟ್ ಆಸುಪಾಸು; ನಿಮ್ಮ ಬೋರ್ಡಿನ ಮ್ಯಾನ್ಯುಯಲ್ ತೆಗೆದು ನೋಡಿ. ಮೀಟರ್ ತೋರಿಸುವುದು ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ; ಬೋರ್ಡಿಗೆ ತಟ್ಟುವುದು ಪೀಕ್, ಅಂದರೆ ಅಲೆಯ ತುದಿ. 1.4 ವೋಲ್ಟಿಗೆ ಪೀಕ್ ಸುಮಾರು 2 ವೋಲ್ಟ್, ಚಿಂತೆಯಿಲ್ಲ. ಮೀಟರಿನಲ್ಲಿ 7 ವೋಲ್ಟ್ ಕಂಡರೆ ಪೀಕ್ 9.9, ಆಗ ನೀವು ಅಂಚಿನ ಮೇಲೆ ನಿಂತಿದ್ದೀರಿ. ಮಿತಿ ದಾಟಿದರೆ ಮೊದಲು ರೀಡಿಂಗ್ ಕೆಡುತ್ತದೆ, ಇನ್ನೂ ಏರಿದರೆ ಬೋರ್ಡ್ ಸುಡುತ್ತದೆ.

ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಬಳಸುವ ಎಡಿಎಸ್1115 ಎಂಬ ಪುಟ್ಟ ಚಿಪ್ ಇದೆ. 16 ಬಿಟ್, ಅಗ್ಗ, ಡಿಫರೆನ್ಷಿಯಲ್ ಎಂದೂ ಬರೆದಿರುತ್ತದೆ. ಆದರೆ ಅದರ ಯಾವ ಪಿನ್ನೂ ತನ್ನ ಗ್ರೌಂಡಿಗಿಂತ 0.3 ವೋಲ್ಟ್ ಕೆಳಗೆ ಹೋಗುವಂತಿಲ್ಲ, ಸಪ್ಲೈಗಿಂತ 0.3 ವೋಲ್ಟ್ ಮೇಲೂ ಹೋಗುವಂತಿಲ್ಲ. ಮೇಲೆ ಹೇಳಿದ 1.4 ವೋಲ್ಟ್ ಎಸಿಯೇ ಅದಕ್ಕೆ ಹೆಚ್ಚು, ಯಾಕೆಂದರೆ ಸೆಕೆಂಡಿಗೆ 50 ಸಲ ಅದು 2 ವೋಲ್ಟ್ ಕೆಳಗಿಳಿಯುತ್ತದೆ. "ಸರ್, ಡಿಫರೆನ್ಷಿಯಲ್ ಹಾಕೀವ್ರಿ, ಆದ್ರೂ ಬರವಲ್ದು" ಅಂತ ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ.

ಮಿತಿಯೊಳಗೆ ಇದ್ದರೂ ಕಳೆಯುವಿಕೆ ಪೂರಾ ಆಗುವುದಿಲ್ಲ. ಎಷ್ಟು ಕಳೆಯುತ್ತದೆ ಎಂಬುದನ್ನು ಸಿಎಂಆರ್‌ಆರ್ ಎಂದು ಡೆಸಿಬೆಲ್ಲಿನಲ್ಲಿ ಕೊಟ್ಟಿರುತ್ತಾರೆ. 80 ಡೆಸಿಬೆಲ್ ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. 1.4 ವೋಲ್ಟಿನಲ್ಲಿ ಉಳಿಯುವುದು 140 ಮೈಕ್ರೋವೋಲ್ಟ್, ಅಂದರೆ ಮೂರೂವರೆ ಡಿಗ್ರಿಯಷ್ಟು ನಡುಕ. ಅದು 50 ಹರ್ಟ್ಸಿನ ನಡುಕವಾದ್ದರಿಂದ ಸುಲಭದ ಮದ್ದಿದೆ: ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದು 20 ಸ್ಯಾಂಪಲ್ಲಿನ ಸರಾಸರಿ ಹಿಡಿಯಿರಿ. 20 ಮಿಲಿಸೆಕೆಂಡ್ ಎಂದರೆ ಸರಿಯಾಗಿ ಒಂದು ಆವರ್ತ. ಮೇಲಿನ ಅರ್ಧ ಕೆಳಗಿನ ಅರ್ಧವನ್ನು ತಿಂದುಹಾಕುತ್ತದೆ. ಡ್ರೈಯರಿನಂಥ ನಿಧಾನದ ಕೆಲಸಕ್ಕೆ ನಾನು 200 ಸ್ಯಾಂಪಲ್ ಹಿಡಿಯುತ್ತೇನೆ. ಗ್ರೌಂಡ್ ವ್ಯತ್ಯಾಸದಲ್ಲಿ ಡಿಸಿ ಇದ್ದರೆ ಮಾತ್ರ ಸರಾಸರಿಯಿಂದ ಏನೂ ಆಗದು.

ಹಂತ 5: ತೇಲುವ ಸೆನ್ಸರಿಗೆ ಒಂದು ಲಂಗರು

ಅನ್‌ಗ್ರೌಂಡೆಡ್ ಥರ್ಮೋಕಪಲ್ಲನ್ನೋ, ಬ್ಯಾಟರಿಯಿಂದ ನಡೆಯುವ ಸೆನ್ಸರನ್ನೋ ಡಿಫರೆನ್ಷಿಯಲ್ಲಿನಲ್ಲಿ ಜೋಡಿಸಿ ಸುಮ್ಮನಿದ್ದರೆ, ಶುರುವಿನಲ್ಲಿ ಸರಿ ತೋರಿಸಿ ನಿಧಾನಕ್ಕೆ ಒಂದು ಕಡೆ ಜಾರುತ್ತ ಹೋಗಿ ಕೊನೆಗೆ ತುದಿಗೆ ಅಂಟಿಕೊಳ್ಳುತ್ತದೆ. ಇನ್‌ಪುಟ್ಟಿನ ಅತಿಸಣ್ಣ ಬಯಾಸ್ ಕರೆಂಟಿಗೆ ವಾಪಸು ಹೋಗಲು ದಾರಿ ಇಲ್ಲದೆ ಅದು ಸೇರಿಕೊಳ್ಳುತ್ತದೆ. ಮದ್ದು: ನೆಗೆಟಿವ್ ಇನ್‌ಪುಟ್ಟಿನಿಂದ ಬೋರ್ಡಿನ ಗ್ರೌಂಡಿಗೆ 10 ಕಿಲೋ ಓಮಿನಿಂದ 100 ಕಿಲೋ ಓಮ್ ತನಕದ ಒಂದು ರೆಸಿಸ್ಟರ್. ಥರ್ಮೋಕಪಲ್ಲಿನಂಥ ಕಮ್ಮಿ ರೆಸಿಸ್ಟೆನ್ಸಿನ ಸೆನ್ಸರಿಗೆ 10 ಕಿಲೋ ಓಮ್ ಸಾಕು. ಸಿಗ್ನಲ್ ಕೆಪಾಸಿಟರ್ ಮೂಲಕ ಬರುತ್ತಿದ್ದರೆ ಪಾಸಿಟಿವ್ ಕಡೆಗೂ ಅಂಥದೇ ಇನ್ನೊಂದು ಬೇಕು.

ನೆಲಕ್ಕೆ ಕಟ್ಟಿದ ಸೆನ್ಸರಿಗೆ ಈ ಲಂಗರು ಬೇಕಿಲ್ಲ, ಅದು ಆಗಲೇ ದಡದಲ್ಲಿದೆ.

ಹಂತ 6: ವ್ಯತ್ಯಾಸ ಮಿತಿ ದಾಟಿದರೆ ತಾಮ್ರದ ನಂಟೇ ಬೇಡ

ಶೆಡ್ಡುಗಳ ನಡುವೆ ಐದಾರು ವೋಲ್ಟ್ ಕಂಡರೆ, ಇಲ್ಲವೇ ಬೇಸಿಗೆಯಲ್ಲಿ ಎಷ್ಟಾಗುತ್ತದೋ ಎಂಬ ಅನುಮಾನ ಇದ್ದರೆ, ಐಸೊಲೇಟರ್ ಹಾಕಿ. ಪ್ಯಾನೆಲ್ಲಿನೊಳಗೆ ಡಿನ್ ರೈಲ್ ಎಂಬ ಲೋಹದ ಪಟ್ಟಿಗೆ ಕೂರುವ ಸಿಗ್ನಲ್ ಐಸೊಲೇಟರ್ ಒಳಗೆ ಸಿಗ್ನಲ್ ಟ್ರಾನ್ಸ್‌ಫಾರ್ಮರ್ ಮೂಲಕವೋ ಬೆಳಕಿನ ಮೂಲಕವೋ ದಾಟುತ್ತದೆ, ಕರೆಂಟಿಗೆ ದಾರಿ ಇರುವುದಿಲ್ಲ. ಕೊಳ್ಳುವಾಗ ಇನ್‌ಪುಟ್, ಔಟ್‌ಪುಟ್, ಪವರ್ ಸಪ್ಲೈ ಮೂರೂ ಒಂದಕ್ಕೊಂದು ಬೇರೆಯಾಗಿರುವುದನ್ನೇ ಆರಿಸಿ. ಎರಡೇ ಕಡೆ ಬೇರೆಯಿರುವ ಅಗ್ಗದ್ದನ್ನು ತಂದು, ನಾಲ್ಕು ಐಸೊಲೇಟರಿಗೂ ಒಂದೇ 24 ವೋಲ್ಟ್ ಸಪ್ಲೈ ಕೊಟ್ಟರೆ, ಮುಂಬಾಗಿಲಲ್ಲಿ ತಡೆದ ಕಳ್ಳ ಹಿತ್ತಲಿನಿಂದ ಬರುತ್ತಾನೆ.

ಯುಎಸ್‌ಬಿ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯೂ ಸಿಗುತ್ತದೆ. ಅದು ಬೋರ್ಡನ್ನು ಕಂಪ್ಯೂಟರಿನ ಅರ್ಥಿಂಗಿನಿಂದ ಬಿಡಿಸುತ್ತದೆ. ಒಂದೇ ಯಂತ್ರದ ಸೆನ್ಸರುಗಳಿಗೆ ಚೆನ್ನಾಗಿ ನಡೆಯುತ್ತದೆ. ಎರಡು ಶೆಡ್ಡಿನ ಸೆನ್ಸರುಗಳನ್ನು ಅದೇ ಬೋರ್ಡಿಗೆ ಕೊಟ್ಟರೆ ಅವು ಬೋರ್ಡಿನೊಳಗೇ ಭೇಟಿಯಾಗುತ್ತವೆ, ಪುನಃ ಅದೇ ಜಗಳ. ಅಂಥಲ್ಲಿ ಚಾನೆಲ್ಲಿಗೊಂದು ಐಸೊಲೇಟರ್ ಬೇಕು.

ದೂರ ಹೆಚ್ಚಾದಂತೆ ನನ್ನ ಒಲವು 4-20 ಮಿಲಿಆಂಪ್ ಕಡೆಗೆ, ಅಂದರೆ ಸಿಗ್ನಲ್ಲನ್ನು ವೋಲ್ಟೇಜಿನ ಬದಲು ಕರೆಂಟಾಗಿ ಕಳಿಸುವ ಕ್ರಮದ ಕಡೆಗೆ. ಸೆನ್ಸರಿನ ತಲೆಯಲ್ಲೇ ಐಸೊಲೇಷನ್ ಇರುವ ಟ್ರಾನ್ಸ್‌ಮಿಟರ್ ಕೂರಿಸಿ, ಆಫೀಸಿನಲ್ಲಿ 250 ಓಮ್ ರೆಸಿಸ್ಟರಿನ ಮೇಲೆ 1ರಿಂದ 5 ವೋಲ್ಟ್ ಓದಿದರಾಯಿತು. ಆದರೆ ಅದೇ ಲೂಪಿನಲ್ಲಿ ಒಂದು ಡಿಸ್‌ಪ್ಲೇಯನ್ನೂ ಸೇರಿಸಿ, ಅದರ ನೆಗೆಟಿವ್ ಕೂಡ ಗ್ರೌಂಡಿಗೆ ತಾಗಿದ್ದರೆ? ಲೂಪಿನಲ್ಲಿ ಎರಡು ಕಡೆ ಗ್ರೌಂಡ್ ಬಿತ್ತು, ನಡುವಿನ ರೆಸಿಸ್ಟರ್ ಶಾರ್ಟ್ ಆಯಿತು. ಡಿಸ್‌ಪ್ಲೇ ಸರಿ, ಬೋರ್ಡಿನಲ್ಲಿ ಸೊನ್ನೆ, ಇಲ್ಲವೇ ತಿರುಗಾಮುರುಗಾ. ಲೂಪಿನಲ್ಲಿ ಗ್ರೌಂಡ್ ಒಂದೇ ಕಡೆ ಇರಬೇಕು, ಉಳಿದ ಸಾಧನಗಳ ಇನ್‌ಪುಟ್ ತೇಲುತ್ತಿರಬೇಕು.

ಯಾದಗಿರಿ ಕಡೆ ಭೀಮಾ ದಂಡೆಯ ಜಾಕ್‌ವೆಲ್ಲಿಂದ ನೀರಿನ ಮಟ್ಟದ ಸಿಗ್ನಲ್ಲನ್ನು ಅರ್ಧ ಕಿಲೋಮೀಟರ್ ತರಬೇಕೆಂದರೆ ನಾನು ತಾಮ್ರವನ್ನೇ ಮುಟ್ಟುವುದಿಲ್ಲ. ಸಿಡಿಲು ಬಿದ್ದಾಗ ಎರಡು ಗ್ರೌಂಡ್ ನಡುವೆ ಏಳುವ ಸಾವಿರಾರು ವೋಲ್ಟಿಗೆ ಸಾಮಾನ್ಯ ಐಸೊಲೇಟರ್ ಉಳಿಯುವುದಿಲ್ಲ. ಅಲ್ಲೇ ಡಿಜಿಟಲ್ ಮಾಡಿ ಫೈಬರಿನಲ್ಲೋ ರೇಡಿಯೋದಲ್ಲೋ ಕಳಿಸಿ.

ಹಂತ 7: ಕೇಬಲ್ ಮತ್ತು ಶೀಲ್ಡ್

ಹೆಣೆದ ಜೋಡಿಯ ಶೀಲ್ಡ್ ಕೇಬಲ್ ತನ್ನಿ; ಶೀಲ್ಡ್ ಎಂದರೆ ಕೋರುಗಳ ಸುತ್ತಲಿನ ಲೋಹದ ಹೊದಿಕೆ. ಶೀಲ್ಡ್ ಒಂದೇ ತುದಿಯಲ್ಲಿ ಕಟ್ಟಿ: ಸೆನ್ಸರ್ ನೆಲಕ್ಕೆ ಕಟ್ಟಿದ್ದರೆ ಸೆನ್ಸರ್ ಕಡೆ, ತೇಲುತ್ತಿದ್ದರೆ ಬೋರ್ಡ್ ಕಡೆ. ಇನ್ನೊಂದು ತುದಿಯನ್ನು ಕತ್ತರಿಸಿ ಸ್ಲೀವ್ ಹಾಕಿ, ಯಾವುದಕ್ಕೂ ತಾಗದಂತೆ. ಎರಡೂ ತುದಿ ಕಟ್ಟಿದರೆ ಶೀಲ್ಡೇ ಗ್ರೌಂಡ್ ಲೂಪ್ ಆಗುತ್ತದೆ. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲ್ಲಿನ ಜೊತೆ ಒಂದೇ ಟ್ರೇನಲ್ಲಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ದಾಲ್ ಮಿಲ್ಲಿನಲ್ಲಿ ಇಲಿಗಳಿಗೇನು ಬರ, ಕೇಬಲ್ಲಿಗೆ ಜಿಐ ಪೈಪ್ ಹಾಕಿಸಿ. ಹೊಟ್ಟಿನ ಧೂಳು ಟರ್ಮಿನಲ್ಲಿನ ಮೇಲೆ ಕೂತು ಮಳೆಗಾಲದಲ್ಲಿ ಒದ್ದೆಯಾದರೆ ಅದೂ ಕರೆಂಟ್ ಸೋರಿಸುತ್ತದೆ.

ಯಾರಾದರೂ ಅರ್ಥಿಂಗ್ ಪಿನ್ ಕೀಳಿ ಎಂದರೆ

ಆ ದಿನ ಮಿಲ್ಲಿನ ಮಿಸ್ತ್ರಿಯೂ ಅದನ್ನೇ ಅಂದ: "ಕಂಪ್ಯೂಟರ್ ಪ್ಲಗ್ಗಿಂದು ಅರ್ಥಿಂಗ್ ಪಿನ್ ಕಿತ್ತಿ ಒಗೀರಿ ಸಾಹೇಬ್ರ, ಎಲ್ಲಾ ಛಲೋ ಆಗ್ತದ." ಆಗುತ್ತದೆ ಕೂಡ, ರೀಡಿಂಗಿನ ಕುಣಿತ ನಿಲ್ಲುತ್ತದೆ. ಆದರೆ ಆಮೇಲೆ ಆ ಕಂಪ್ಯೂಟರಿನ ಬಾಡಿಗೆ ಉಳಿಯುವ ಏಕೈಕ ಅರ್ಥಿಂಗ್ ಎಂದರೆ ನಮ್ಮ ಥರ್ಮೋಕಪಲ್ ವೈರು. ಒಳಗೆ ಫೇಸ್ ತಾಗಿದ ದಿನ ಮುನೀಮರ ಕೈ ಮೌಸಿನ ಮೇಲಿರುತ್ತದೆ. ಪಿನ್ ಕೀಳಕೂಡದು, ಪರೀಕ್ಷೆಗೂ ಕೂಡದು. ಪರೀಕ್ಷೆ ಮಾಡಲೇಬೇಕಾದರೆ ಲ್ಯಾಪ್‌ಟಾಪ್ ತಂದು ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಓಡಿಸಿ. ಕುಣಿತ ನಿಂತರೆ ಗ್ರೌಂಡ್ ಲೂಪ್ ಖಾತ್ರಿ.

ಎರಡು ಶೆಡ್ಡಿನ ಅರ್ಥಿಂಗುಗಳನ್ನು ದಪ್ಪ ಪಟ್ಟಿಯಿಂದ ಒಂದಕ್ಕೊಂದು ಸೇರಿಸುವುದು ಒಳ್ಳೆಯ ಕೆಲಸ, ಜೀವದ ದೃಷ್ಟಿಯಿಂದಲೂ. ಅದಕ್ಕೆ ಐಎಸ್ 3043 ಎಂಬ ಭಾರತೀಯ ಮಾನಕ ಇದೆ, ಎಲೆಕ್ಟ್ರಿಷಿಯನ್ನರಿಂದ ಅದರಂತೆ ಮಾಡಿಸಿ. ವ್ಯತ್ಯಾಸ ಕಮ್ಮಿಯಾಗುತ್ತದೆ, ಮಿಲಿವೋಲ್ಟಿನ ಲೆಕ್ಕದಲ್ಲಿ ಮಾಯವಾಗುವುದಿಲ್ಲ. ಹೀಗಾಗಿ ಪಟ್ಟಿ ಹಾಕಿದ ಮೇಲೂ ಡಿಫರೆನ್ಷಿಯಲ್ ಬೇಕು.

ಹಂತ 8: ಒಪ್ಪಿಸುವ ಮೊದಲು ಶಾರ್ಟ್ ಪರೀಕ್ಷೆ

ಡ್ರೈಯರ್ ಬಳಿ ಥರ್ಮೋಕಪಲ್ಲಿನ ಪಾಸಿಟಿವ್ ವೈರ್ ಬಿಚ್ಚಿ, ಕೇಬಲ್ಲಿನ ಎರಡೂ ಕೋರನ್ನು ಅಲ್ಲೇ ಒಂದಕ್ಕೊಂದು ಶಾರ್ಟ್ ಮಾಡಿ, ನೆಗೆಟಿವ್ ಮಾತ್ರ ಮೊದಲಿನಂತೆ ಸೆನ್ಸರಿಗೆ ಸೇರಿರಲಿ. ಈಗ ಸಿಗ್ನಲ್ ಸೊನ್ನೆ, ಆದರೆ ಗ್ರೌಂಡ್ ವ್ಯತ್ಯಾಸ ಪೂರಾ ಇದೆ. ಬೋರ್ಡನ್ನು ವೋಲ್ಟೇಜ್ ಓದುವಂತೆ ಇಡಿ, ಒಂದೊಂದೇ ಮೋಟಾರ್ ಚಾಲೂ ಮಾಡಿಸಿ. ಪರದೆಯ ಮೇಲೆ ಕಾಣುವುದೆಲ್ಲ ಶುದ್ಧ ತಪ್ಪು, ಸೆನ್ಸರಿನ ಮೇಲೆ ಹೊರಿಸಲು ಏನೂ ಉಳಿದಿಲ್ಲ. ಡಿಫರೆನ್ಷಿಯಲ್, ±0.2 ವೋಲ್ಟ್ ರೇಂಜ್, 200 ಸ್ಯಾಂಪಲ್ ಸರಾಸರಿ ಹಾಕಿದ ಮೇಲೆ ನನಗೆ ಎಲ್ಲ ಮೋಟಾರ್ ಓಡುವಾಗಲೂ 20 ಮೈಕ್ರೋವೋಲ್ಟಿನೊಳಗೆ ನಿಂತಿತು, ಅರ್ಧ ಡಿಗ್ರಿ.

ಪ್ಯಾನೆಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ: ತಾರೀಖು, ಯಾವ ಮೋಟಾರ್ ಓಡುವಾಗ ಎಷ್ಟು ವೋಲ್ಟ್ ವ್ಯತ್ಯಾಸ, ಶೀಲ್ಡ್ ಯಾವ ಕಡೆ ಕಟ್ಟಿದೆ. ನನ್ನ ಚೀಟಿಯಲ್ಲಿ ಆಗಸ್ಟಿನ 1.4ರ ಕೆಳಗೆ ಮುನೀಮರೇ ಮೇ ತಿಂಗಳಲ್ಲಿ ಅಳೆದು 2.6 ಎಂದು ಬರೆದಿಟ್ಟಿದ್ದಾರೆ. ಫೋನ್ ಮಾತ್ರ ಬಂದಿಲ್ಲ.